ನೋಟೀಸಿಗೆ ಸಹಿ ಹಾಕಿದವರ ಹೊಲ: ಚಳ್ಳಕೆರೆ ತಾಲ್ಲೂಕಿನ ಒಂದು ಶಾಲೆಯ ಪ್ರಕರಣ

ಇದು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 2022ರಿಂದ 2024ರವರೆಗೆ, ಶೇಂಗಾ ಸುಗ್ಗಿಯಲ್ಲಿ ಮಕ್ಕಳು ಶಾಲೆಗೆ ಬಾರದೇ ಇದ್ದುದರ ಸುತ್ತ ನಡೆದದ್ದು. ಆಗ ನಾನು ಆ ಭಾಗದ ಸಿಆರ್‌ಪಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ. ತಿಂಗಳಿಗೆ ಒಂದೆರಡು ಸಲ ಆ ಶಾಲೆಗೆ ಹೋಗುತ್ತಿದ್ದೆ. ಊರಿನ ಹೆಸರು, ಜನರ ಹೆಸರು ಇಲ್ಲಿ ಹಾಕಿಲ್ಲ. ಊರಾಚೆಯ ಹಟ್ಟಿ ಯಾವ ಜನರದ್ದು ಅನ್ನುವುದನ್ನೂ ಬೇಕಂತಲೇ ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಮುಖ್ಯ ಶಿಕ್ಷಕಿಯನ್ನು ಊರವರು ಕರೆಯುವ ಹಾಗೆ ಮೇಡಂ ಎಂದೇ ಕರೆಯುತ್ತೇನೆ. ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರನ್ನು ಬರೀ ಅಧ್ಯಕ್ಷರು ಎಂದು.

ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಈ ಪ್ರಕರಣದ ಮೊದಲ ತಪ್ಪಿನಲ್ಲಿ ನನ್ನ ಕೈ ಇತ್ತು. ಅದನ್ನು ಸರಿಮಾಡಿದ್ದು ಮಾತ್ರ ಮೇಡಂ.

ಊರು, ಹಟ್ಟಿ, ಶೇಂಗಾ

ಶಾಲೆ ಇರುವುದು ಊರೊಳಗೆ, ದೇವಸ್ಥಾನದ ಹಿಂದೆ. ಹಟ್ಟಿ ಇರುವುದು ಅಲ್ಲಿಂದ ಒಂದೂವರೆ ಕಿಲೋಮೀಟರ್ ಆಚೆ, ಹಳ್ಳ ದಾಟಿದ ಮೇಲೆ. ಶಾಲೆಯ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಟ್ಟಿಯವರು. ಊರಿನ ಅನುಕೂಲಸ್ಥರ ಮಕ್ಕಳಲ್ಲಿ ಹಲವರು ಹಳದಿ ವ್ಯಾನ್ ಹತ್ತಿ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಾರೆ. ಹಾಗೆ ಹೋಗದೆ ಉಳಿದ ಊರಿನ ಮಕ್ಕಳ ಅಪ್ಪಂದಿರೇ ಎಸ್‌ಡಿಎಂಸಿಯಲ್ಲಿ ಮುಂದೆ ಕೂರುತ್ತಿದ್ದವರು. ಅಧ್ಯಕ್ಷರೂ ಅವರಲ್ಲೊಬ್ಬರು. ಒಳ್ಳೆಯ ರೈತ. ಶಾಲೆಯ ಮೇಲೆ ನಿಜವಾದ ಪ್ರೀತಿ ಇದ್ದವರು. ಧ್ವಜಸ್ತಂಭದ ಕಟ್ಟೆ ಕಟ್ಟಿಸಿದ್ದು ಅವರ ದುಡ್ಡಿನಲ್ಲೇ.

ಚಳ್ಳಕೆರೆ ಅಂದರೆ ಶೇಂಗಾ, ಎಣ್ಣೆ ಮಿಲ್ಲು. ಮಳೆ ನಂಬಿದ ಕೆಂಪು ಹೊಲಗಳು. ಜೂನ್, ಜುಲೈನಲ್ಲಿ ಬಿತ್ತಿದರೆ ಅಕ್ಟೋಬರ್, ನವೆಂಬರ್‌ಗೆ ಗಿಡ ಕೀಳುವುದು. ಕಿತ್ತ ಗಿಡವನ್ನು ಒಣಗಿಸಿ ಬಣವೆ ಒಟ್ಟುತ್ತಾರೆ. ಆಮೇಲೆ ಹೆಂಗಸರು ಸುತ್ತ ಕೂತು ಕಾಯಿ ಬಿಡಿಸುತ್ತಾರೆ. ಈ ಊರಲ್ಲಿ ಅದಕ್ಕೆ ದಿನದ ಆಳಿನ ಲೆಕ್ಕದಲ್ಲಿ ಕೂಲಿ ಕೊಡುತ್ತಿರಲಿಲ್ಲ. ಡಬ್ಬದ ಲೆಕ್ಕ. ಒಂದು ಡಬ್ಬ ಕಾಯಿ ಬಿಡಿಸಿದರೆ ಇಷ್ಟು ಅಂತ. ಓದುವವರು ಈ ಒಂದು ವಿಷಯ ನೆನಪಿಟ್ಟುಕೊಳ್ಳಬೇಕು. ಆಳಿನ ಲೆಕ್ಕವಾದರೆ ಹತ್ತು ವರ್ಷದ ಹುಡುಗಿಗೆ ಯಾರೂ ಕೂಲಿ ಕೊಡುವುದಿಲ್ಲ. ಡಬ್ಬದ ಲೆಕ್ಕವಾದರೆ ಅವಳ ಎರಡು ಕೈಯೂ ದುಡ್ಡು.

ನಾನು ಮೂರು ವರ್ಷದಿಂದ ಆ ಕ್ಲಸ್ಟರ್‌ನಲ್ಲಿ ಇದ್ದೆ. ಆದರೆ ಡಬ್ಬದ ಲೆಕ್ಕ ನನಗೆ ಗೊತ್ತೇ ಇರಲಿಲ್ಲ.

ನೋಟೀಸು

2022 ಈ ಕಡೆಯ ಜನ ಮರೆಯುವ ವರ್ಷವಲ್ಲ. ಆ ಸೆಪ್ಟೆಂಬರ್‌ನಲ್ಲಿ ವಾಣಿ ವಿಲಾಸ ಸಾಗರ ಜಲಾಶಯ 89 ವರ್ಷದ ಮೇಲೆ ಕೋಡಿ ಬಿತ್ತು. ಜನ ಬಸ್ಸು, ಟ್ರ್ಯಾಕ್ಟರ್ ಹತ್ತಿಕೊಂಡು ನೋಡಲು ಹೋದರು. ಹೊಲದಲ್ಲಿ ಮಾತ್ರ ಬೇರೆ ಚಿಂತೆ. ಗಿಡ ನೆನೆದರೆ ಕಾಯಿಗೆ ಬೂಸ್ಟು ಹಿಡಿಯುತ್ತದೆ, ಮೊಳಕೆ ಬರುತ್ತದೆ. ಬಿಸಿಲು ಬಿದ್ದ ದಿನ ಸಿಕ್ಕಷ್ಟು ಕೈ ಸೇರಿಸಿ ಕೆಲಸ ಮುಗಿಸಬೇಕು.

ದಸರಾ ರಜೆ ಮುಗಿದು ಶಾಲೆ ಶುರುವಾಯಿತು. ಹಟ್ಟಿಯ ಮಕ್ಕಳು ಬರಲಿಲ್ಲ. ನಾನು ಹೋದ ದಿನ ಆರು, ಏಳನೇ ತರಗತಿಯಲ್ಲಿ ಹಿಂದಿನ ಸಾಲುಗಳು ಖಾಲಿ. ಮೇಡಂ ಆ ಶಾಲೆಗೆ ಬಂದು ಆಗಿನ್ನೂ ನಾಲ್ಕು ತಿಂಗಳು. ಏನು ಮಾಡೋಣ ಸಾರ್ ಎಂದು ಕೇಳಿದರು. ನನ್ನ ಹತ್ತಿರ ಬೇರೆ ಶಾಲೆಯೊಂದರಲ್ಲಿ ಬಳಸಿದ್ದ ನೋಟೀಸಿನ ನಮೂನೆ ಇತ್ತು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಮಗುವನ್ನು ಶಾಲೆಗೆ ಕಳಿಸುವುದು ಪೋಷಕರ ಕರ್ತವ್ಯ, 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದು ಅಪರಾಧ, ಮೂರು ದಿನದಲ್ಲಿ ಕಳಿಸದಿದ್ದರೆ ಮುಂದಿನ ಕ್ರಮ. ಹೀಗೆ. ಅದನ್ನೇ ಕೊಟ್ಟೆ. ಮುಖ್ಯ ಶಿಕ್ಷಕರ ಸಹಿ ಒಂದು ಕಡೆ, ಎಸ್‌ಡಿಎಂಸಿ ಅಧ್ಯಕ್ಷರ ಸಹಿ ಇನ್ನೊಂದು ಕಡೆ. ಅಧ್ಯಕ್ಷರು ಮರುಮಾತಿಲ್ಲದೆ ಸಹಿ ಹಾಕಿದರು. ನೋಟೀಸು ಹಟ್ಟಿಯ ಮನೆ ಮನೆಗೆ ಹೋಯಿತು.

ಎರಡು ದಿನ ಹತ್ತಾರು ಮಕ್ಕಳು ಬಂದರು. ನಾನು ಖುಷಿಯಿಂದ ವರದಿಯನ್ನೂ ಬರೆದೆ. ಮೂರನೇ ದಿನಕ್ಕೆ ಹಟ್ಟಿಯಲ್ಲಿ ಒಂದು ಸುದ್ದಿ ಹಬ್ಬಿತ್ತು. ರೇಷನ್ ಕಾರ್ಡ್ ಕಟ್ ಮಾಡ್ತಾರಂತೆ. ನೋಟೀಸಿನಲ್ಲಿ ಅಂಥ ಮಾತೇ ಇರಲಿಲ್ಲ. ಆದರೆ 'ಮುಂದಿನ ಕ್ರಮ' ಅಂದರೆ ಏನು ಅಂತಲೂ ಬರೆದಿರಲಿಲ್ಲ. ಭಯಕ್ಕೆ ಅಷ್ಟು ಜಾಗ ಸಾಕು ಅಲ್ವಾ? ಕೆಲವರು ಮಕ್ಕಳನ್ನು ನೆಂಟರ ಊರಿಗೆ ಕಳಿಸಿದರು. ಉಳಿದವರು ಶಿಕ್ಷಕರು ಬಂದರೆ ಬಾಗಿಲು ಹಾಕಿಕೊಂಡರು. ಸುಗ್ಗಿ ಮುಗಿದು ಸಂಕ್ರಾಂತಿ ಕಳೆದರೂ ಆ ಮಕ್ಕಳ ಹಾಜರಿ ಮೊದಲಿನ ಹಾಗೆ ಆಗಲಿಲ್ಲ. ಒಂದು ತಿಂಗಳ ಗೈರುಹಾಜರಿಯನ್ನು ನಾವು ಒಂದು ವರ್ಷದ ದೂರ ಮಾಡಿಬಿಟ್ಟಿದ್ದೆವು.

ಬರದ ವರ್ಷ

2023ರಲ್ಲಿ ಮಳೆ ಕೈಕೊಟ್ಟಿತು. ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ವರ್ಷ ಅದು. ಕೀಳಲು ಶೇಂಗಾ ಇಲ್ಲ, ಬಿಡಿಸಲು ಕಾಯಿ ಇಲ್ಲ. ಹಟ್ಟಿಯ ಹಲವು ಮನೆಗಳವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದರು. ಕೆಲವರು ಮಕ್ಕಳನ್ನು ಅಜ್ಜಿಯರ ಹತ್ತಿರ ಬಿಟ್ಟು ಹೋದರು, ಕೆಲವರು ಕರೆದುಕೊಂಡೇ ಹೋದರು.

ಆ ವರ್ಷ ಮೇಡಂ ಹೊಸದೇನನ್ನೂ ಶುರು ಮಾಡಲಿಲ್ಲ. ಒಂದನ್ನು ನಿಲ್ಲಿಸಿದರು. ಎಸ್‌ಡಿಎಂಸಿ ಸಭೆ ಬೆಳಿಗ್ಗೆ 11 ಗಂಟೆಗೆ ಇರುತ್ತಿತ್ತು. ಹಟ್ಟಿಯ ಸದಸ್ಯರು ಆ ಹೊತ್ತಿಗೆ ಕೂಲಿಯಲ್ಲಿರುತ್ತಾರೆ. ಸಭೆ ಮುಗಿದ ಮೇಲೆ ಏಳನೇ ತರಗತಿಯ ಹುಡುಗನೊಬ್ಬ ನಡಾವಳಿ ಪುಸ್ತಕ ಹಿಡಿದು ಹಟ್ಟಿಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿದ್ದ. ಎಷ್ಟೋ ಶಾಲೆಗಳಲ್ಲಿ ಹೀಗೇ ನಡೆಯುತ್ತದೆ, ನಾವು ಕಂಡೂ ಸುಮ್ನೆ ಇರುತ್ತೇವೆ. ಮೇಡಂ ಅದನ್ನು ನಿಲ್ಲಿಸಿದರು. ಬಂದವರ ಸಹಿ ಮಾತ್ರ. ಕೋರಂ ಆಗದಿದ್ದರೆ 'ಕೋರಂ ಇಲ್ಲ' ಎಂದೇ ಬರೆದರು. ನಾಲ್ಕು ತಿಂಗಳು ಹಾಗೇ ಬರೆದರು. ಮೇಲಿನಿಂದ ನನಗೆ ಫೋನ್ ಬಂತು. ಅವರಿಗೆ ಸ್ವಲ್ಪ ಹೇಳಿ ಎಂದು. ನಾನು ಹೇಳಿದೆ ಕೂಡ. ಅದಕ್ಕೆ ಮೇಡಂ, "ಸಾರ್, ಪುಸ್ತಕದಲ್ಲಿ ಎಲ್ಲರೂ ಬಂದಿದ್ದಾರೆ ಅಂತಿದ್ರೆ, ಯಾರು ಬಂದಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?" ಅಂದರು.

ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ಆರಂಭ ಇದೇ. ನಾವು 'ಸಮುದಾಯ', 'ಊರಿನ ಸಹಕಾರ' ಎಂದು ಬರೆಯುವಾಗ ಕಣ್ಣಮುಂದೆ ಇರುವವರು ಕುರ್ಚಿಯಲ್ಲಿ ಕೂತವರು. ಬಾರದೇ ಇದ್ದವರ ಲೆಕ್ಕ ಯಾವ ರಿಜಿಸ್ಟರ್‌ನಲ್ಲೂ ಇರುವುದಿಲ್ಲ.

ಬೇಸಿಗೆಯ ಬಿಸಿಯೂಟ

2024ರ ಏಪ್ರಿಲ್, ಮೇನಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಡಬೇಕು ಎಂದು ಆದೇಶ ಬಂತು. ಶಿಕ್ಷಕರಿಗೆ ರಜೆ ಹೋಯಿತೆಂಬ ಬೇಸರ. ಸರದಿ ಹಾಕಿಕೊಂಡರು. ಮೇಡಂ ಮಾತ್ರ ತಮ್ಮ ಸರದಿ ಇಲ್ಲದ ದಿನವೂ ಬರುತ್ತಿದ್ದರು.

ಪಾಠ ಇಲ್ಲ, ಬೆಲ್ ಇಲ್ಲ, ಹಾಜರಿಯ ಗದ್ದಲ ಇಲ್ಲ. ಹಟ್ಟಿಯ ತಾಯಂದಿರು ಮಕ್ಕಳ ಜೊತೆ ತಾವೂ ನಡೆದು ಬರುತ್ತಿದ್ದರು. ಸೊಂಟದ ಮೇಲೆ ಕೂಸು. ಮಕ್ಕಳು ಉಣ್ಣುವವರೆಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಮೇಡಂ ಕುರ್ಚಿ ಬಿಟ್ಟು ಅಲ್ಲೇ ಹೋಗಿ ಕೂತರು. ಮೊದಲ ವಾರ ಬರೀ ನೀರಿನ ಮಾತು, ಬೆಂಗಳೂರಿನ ಮಾತು, ಯಾರ ಮಗಳಿಗೆ ಹೆರಿಗೆ ಅನ್ನುವ ಮಾತು. ಶಾಲೆಯ ಮಾತನ್ನು ಮೇಡಂ ತಾವಾಗಿ ಎತ್ತಲಿಲ್ಲ. ಎತ್ತಿದ್ದು ಆ ಹೆಂಗಸರಲ್ಲೇ ಒಬ್ಬರು. ಆರನೇ ತರಗತಿ ಮುಗಿಸಿದ ಹುಡುಗಿಯೊಬ್ಬಳ ತಾಯಿ. ಅವರು ಕೇಳಿದ್ದನ್ನು ಮೇಡಂ ಅದೇ ಸಂಜೆ ನನಗೆ ಫೋನಿನಲ್ಲಿ ಹೇಳಿದರು.

"ಆವತ್ತು ನೋಟೀಸ್ ನಮಗ್ಯಾಕೆ ಕೊಟ್ರಿ ಮೇಡಂ? ಹೊಲ ಯಾರ್ದು? ಸಹಿ ಯಾರ್ದು?"

2022ರ ನವೆಂಬರ್‌ನಲ್ಲಿ ಹಟ್ಟಿಯ ಮಕ್ಕಳು ಕೂತಿದ್ದ ಬಣವೆಗಳಲ್ಲಿ ದೊಡ್ಡದು ಅಧ್ಯಕ್ಷರದ್ದೇ ಆಗಿತ್ತು. ಮಕ್ಕಳನ್ನು ಕೆಲಸಕ್ಕೆ ಹಚ್ಚುವುದು ಅಪರಾಧ ಎಂಬ ಕಾಗದಕ್ಕೆ ಅವರೇ ಸಹಿ ಹಾಕಿದ್ದರು. ಅದು ಹೋಗಿದ್ದು ಮಾತ್ರ ಅವರ ಹೊಲದ ಕೂಲಿಯವರಿಗೆ. ಹಟ್ಟಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಶಾಲೆಗೆ ಮಾತ್ರ ಗೊತ್ತಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮೂನೆ ಕೊಟ್ಟವನು ನಾನು.

ಅದೇ ಮರದ ಕೆಳಗೆ ಇನ್ನೊಂದು ವಿಷಯವೂ ಹೊರಬಂತು. ಸುಗ್ಗಿಯಲ್ಲಿ ಹುಡುಗಿಯರೆಲ್ಲ ಕಾಯಿ ಬಿಡಿಸಲು ಹೋಗುತ್ತಿರಲಿಲ್ಲ. ಅರ್ಧದಷ್ಟು ಜನ ತಮ್ಮ, ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಿದ್ದರು. ತಾಯಂದಿರು ಏಳು ಗಂಟೆಗೇ ಹೊಲಕ್ಕೆ ಹೊರಡುತ್ತಾರೆ. ಅಂಗನವಾಡಿ ಇರುವುದು ಊರೊಳಗೆ, ತೆರೆಯುವುದು ಆಮೇಲೆ. ಕೂಲಿಯವರ ಕೂಸುಗಳಿಗೆಂದು 'ಕೂಸಿನ ಮನೆ' ಯೋಜನೆ ಬಂದಿತ್ತು ನಿಜ. ನಮ್ಮ ಕಡೆ ಅದು ಪಂಚಾಯಿತಿ ಕೇಂದ್ರದಲ್ಲಿತ್ತು. ಹಟ್ಟಿಯಿಂದ ಅಲ್ಲಿಗೆ ನಡೆದು ಹೋಗಿ ಬರುವಷ್ಟರಲ್ಲಿ ಅರ್ಧ ಡಬ್ಬ ಹೋಗುತ್ತದೆ. ಮಕ್ಕಳು ಬಾರದಿರುವುದಕ್ಕೆ ನಾವು ಒಂದೇ ಕಾರಣ ಬರೆದುಕೊಂಡಿದ್ದೆವು, 'ಕೂಲಿ'. ಇಲ್ಲಿ ಇದ್ದದ್ದು ಎರಡು ಕಾರಣ.

ಮೂರು ದಾರಿ

ಈಗ ಏನು ಮಾಡುವುದು? ಕಾನೂನಿನ ದಾರಿ ತೆರೆದೇ ಇತ್ತು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಸ್ವಂತ ಮನೆಯ ಕೆಲಸಕ್ಕೆ ನೆರವಾಗಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ ಮಾಡಿದರೆ ಸಾಕಿತ್ತು. ಎರಡನೇ ದಾರಿ, ವಿಷಯವನ್ನು ಎಸ್‌ಡಿಎಂಸಿ ಸಭೆಯಲ್ಲಿ ಎತ್ತುವುದು. ನಾನು ಹೇಳಿದ್ದು ಇದನ್ನೇ. ಎಲ್ಲರ ಎದುರು ಮಾತಾದರೆ ದಾಖಲೆ ಇರುತ್ತದೆ ಎಂದು.

ಮೇಡಂ ಮೂರನೇ ದಾರಿ ಹಿಡಿದರು. ಅಧ್ಯಕ್ಷರ ಮನೆಗೆ ಹೋಗುವುದು. "ಸಭೆಯಲ್ಲಿ ಕೇಳಿದ್ರೆ ಅವರು ಅಧ್ಯಕ್ಷರಾಗಿ ಉತ್ತರ ಕೊಡ್ತಾರೆ ಸಾರ್. ನನಗೆ ಬೇಕಾಗಿರೋದು ರೈತರ ಉತ್ತರ" ಅಂದರು. 1098ರ ಬಗ್ಗೆ ಅವರ ಯೋಚನೆ ಬೇರೆ. ಮಗುವಿಗೆ ಅಪಾಯ ಇದ್ದರೆ ಒಂದು ನಿಮಿಷ ಕಾಯುವುದಿಲ್ಲ, ಆದರೆ ಇಲ್ಲಿ ದೂರು ಕೊಟ್ಟರೆ ಮೊದಲು ಸಿಕ್ಕಿಬೀಳುವವರು ತಾಯಂದಿರೇ ಎಂದರು. ಒಂದು ಸಲ ಹಾಗೆ ಆಗಿತ್ತಲ್ಲ.

ಒಂದು ಸಂಜೆ ನಾವಿಬ್ಬರೂ ಹೋದೆವು. ಜಗಲಿ ಮೇಲೆ ಕೂತೆವು. ಅಧ್ಯಕ್ಷರ ತಾಯಿ ಚಹಾ ಕೊಟ್ಟರು. ಮೇಡಂ ನೋಟೀಸಿನ ಮಾತು ತೆಗೆಯಲಿಲ್ಲ. 2022ರ ನವೆಂಬರ್ ತಿಂಗಳ ಹಾಜರಿ ಪುಸ್ತಕ ತಂದಿದ್ದರು. ಅದನ್ನು ಬಿಚ್ಚಿ ಇಟ್ಟರು.

ಅಧ್ಯಕ್ಷರು ತುಂಬ ಹೊತ್ತು ನೋಡಿದರು. "ನಾನು ಮಕ್ಕಳನ್ನ ಕರೆದಿಲ್ಲ ಮೇಡಂ. ಅವರೇ ಕರ್ಕೊಂಡ್ ಬರ್ತಾರೆ."

"ಡಬ್ಬದ ಲೆಕ್ಕ ಇದ್ರೆ ಕರ್ಕೊಂಡ್ ಬರದೆ ಇರ್ತಾರಾ ಅಣ್ಣ?"

ಆಮೇಲೆ ಅವರು ತಮ್ಮ ಕಷ್ಟ ಹೇಳಿಕೊಂಡರು. ಬರದಲ್ಲಿ ಬಿತ್ತನೆ ಬೀಜದ ದುಡ್ಡೂ ಹುಟ್ಟಲಿಲ್ಲ. ಸಾಲ ಇದೆ. ಆಳು ಸಿಗುವುದಿಲ್ಲ. ಕಾಯಿ ಬಿಡಿಸುವ ಮಿಷನ್ ಬಾಡಿಗೆಗೆ ಬರುತ್ತದೆ, ತರಿಸಿದರೆ ಹಟ್ಟಿಯವರಿಗೆ ಕೂಲಿಯೇ ಇರುವುದಿಲ್ಲ. "ಅದಾಗಬಹುದಾ?" ಎಂದು ಕೇಳಿದರು. ಅದು ಬೆದರಿಕೆಯಲ್ಲ. ಅವರು ನಿಜವಾಗಿ ಕೇಳುತ್ತಿದ್ದರು. ಮೇಡಂ ಹತ್ತಿರ ಉತ್ತರ ಇರಲಿಲ್ಲ. ಇಲ್ಲ ಎಂದೇ ಹೇಳಿದರು. "ನನಗೆ ಗೊತ್ತಿಲ್ಲ ಅಣ್ಣ. ಬೆಲ್ ಹೊಡೆದ ಮೇಲೆ ಮಕ್ಕಳು ಬಣವೆ ಹತ್ರ ಇರಬಾರದು. ಇದಿಷ್ಟೇ ನನಗೆ ಗೊತ್ತಿರೋದು."

ಆವತ್ತು ಏನೂ ತೀರ್ಮಾನ ಆಗಲಿಲ್ಲ. ಹೊರಡುವಾಗ ಅವರ ತಾಯಿ ಮಗನಿಗೆ, ನೀನೂ ಅದೇ ಬಣವೆ ಹತ್ತಿರ ಕೂತು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅಂದರು. ಅಧ್ಯಕ್ಷರು ತಲೆ ತಗ್ಗಿಸಿದರು. ಅದು ನಮಗೆ ಗೊತ್ತಿರಲಿಲ್ಲ.

ಹಟ್ಟಿಯಲ್ಲಿ ಸಭೆ

ಜೂನ್‌ನಲ್ಲಿ ಎಸ್‌ಡಿಎಂಸಿ ಹೊಸದಾಗಿ ರಚನೆ ಆಗಬೇಕಿತ್ತು. ನಮ್ಮ ರಾಜ್ಯದಲ್ಲಿ ಈ ಸಮಿತಿಗಳು 2001ರಿಂದ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು, ಹಿಂದುಳಿದ ಮನೆಗಳ ಮಕ್ಕಳು ಎಷ್ಟಿದ್ದಾರೋ ಆ ಪ್ರಮಾಣದಲ್ಲೇ ಅವರ ಪೋಷಕರು. ಲೆಕ್ಕ ಹಿಡಿದು ಹೇಳಿದರೆ ಹಟ್ಟಿಯವರೇ ಜಾಸ್ತಿ ಇರಬೇಕಿತ್ತು. ಹಿಂದೆಯೂ ಅವರ ಹೆಸರು ಇದ್ದವು. ಪುಸ್ತಕದಲ್ಲಿ.

ಮೇಡಂ ಪೋಷಕರ ಸಭೆಯನ್ನು ಸಂಜೆ ಏಳೂವರೆಗೆ ಹಟ್ಟಿಯ ಗುಡಿಯ ಮುಂದೆ ಇಟ್ಟರು. ಊರಿನ ಕೆಲವರಿಗೆ ಸಿಟ್ಟು ಬಂತು. ಶಾಲೆ ಇರೋದು ಊರಲ್ಲಿ, ಸಭೆ ಹಟ್ಟಿಯಲ್ಲಾ? ಇಬ್ಬರು ಬರಲೇ ಇಲ್ಲ. ಅಧ್ಯಕ್ಷರು ಬೈಕಿನಲ್ಲಿ ಬಂದರು. ಅವರು ಬಂದದ್ದರಿಂದ ಉಳಿದವರ ಬಾಯಿ ಮುಚ್ಚಿತು. ನೋಟೀಸಿನ ಬಗ್ಗೆ ಕೇಳಿದ್ದ ಹಟ್ಟಿಯ ಆ ತಾಯಿ ಸದಸ್ಯೆಯಾದರು, ಆಮೇಲೆ ಉಪಾಧ್ಯಕ್ಷೆ. ಅಧ್ಯಕ್ಷರಾಗಿ ಹಳಬರೇ ಮುಂದುವರಿದರು. ನನಗೆ ಇದು ಅರೆಮನಸ್ಸಿನ ಬದಲಾವಣೆ ಅನ್ನಿಸಿತ್ತು. ಈಗ ಯೋಚಿಸಿದರೆ, ಅವರನ್ನು ಕೆಳಗಿಳಿಸಿದ್ದರೆ ಮುಂದಿನ ಮಾತುಕತೆಗೆ ರೈತರ ಕಡೆಯಿಂದ ಯಾರೂ ಇರುತ್ತಿರಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಆಯಿತು. ಸೆಪ್ಟೆಂಬರ್ ಕೊನೆಯಲ್ಲಿ ಊರಿನ ಕಟ್ಟೆಯಲ್ಲಿ ರೈತರು, ಹಟ್ಟಿಯ ಹೆಂಗಸರು ಸೇರಿದರು. ಕರೆದವರು ಅಧ್ಯಕ್ಷರು ಮತ್ತು ಉಪಾಧ್ಯಕ್ಷೆ. ಮೇಡಂ ಹತ್ತು ನಿಮಿಷ ಮಾತಾಡಿದರು. ದಸರಾ ರಜೆಯ ದಿನಾಂಕ ಹೇಳಿದರು, ರಜೆಯಾದ ಮೇಲೆ ಬರುವ ಪರೀಕ್ಷೆಗಳ ವಿಷಯ ಹೇಳಿದರು, ಕಾಯ್ದೆ ಏನು ಹೇಳುತ್ತದೆ ಎಂದು ಎರಡೂ ಕಡೆಯವರ ಮುಂದೆ ಒಂದೇ ಮಾತಿನಲ್ಲಿ ಹೇಳಿದರು. ಆಮೇಲೆ ಡಬ್ಬದ ರೇಟಿನ ಮಾತು ಶುರುವಾಯಿತು. ಮೇಡಂ ಕೂಡಲೇ ಎದ್ದು ಹೊರಟರು. ನನ್ನನ್ನೂ ಎಬ್ಬಿಸಿದರು. "ಇದು ಅವರ ಮಾತು ಸಾರ್. ನಾವಿದ್ರೆ ಎರಡೂ ಕಡೆಯವರು ನಮ್ಮ ಮುಖ ನೋಡ್ತಾರೆ."

ಈ ಎದ್ದು ಬರುವ ತೀರ್ಮಾನದ ಬಗ್ಗೆ ನಾನು ಜಾಸ್ತಿ ಯೋಚಿಸಿದ್ದೇನೆ. ಮುಖ್ಯ ಶಿಕ್ಷಕರು ಊರಿನ ವಿಷಯಕ್ಕೆ ಎಷ್ಟು ದೂರ ಕೈಹಾಕಬೇಕು ಎಂದು ನಮ್ಮ ತರಬೇತಿಗಳಲ್ಲಿ ಯಾರೂ ಹೇಳುವುದಿಲ್ಲ. ಮೇಡಂ ಕೂಲಿಯ ಮಾತಿನವರೆಗೆ ಜನರನ್ನು ಕರೆತಂದರು. ಆ ಮಾತನ್ನು ಆಡುವುದು ತಮ್ಮ ಕೆಲಸವಲ್ಲ ಎಂದು ಬಿಟ್ಟರು. ಅವರು ಅಲ್ಲಿ ಕೂತು ರೇಟು ಹೇಳಿದ್ದರೆ ಒಂದು ಕಡೆಯವರ ಪಾಲಿಗೆ ಶಾಲೆ ಮತ್ತೆ ಎದುರಾಳಿ ಆಗುತ್ತಿತ್ತು. ರಾತ್ರಿ ಹತ್ತಕ್ಕೆ ಅಧ್ಯಕ್ಷರ ಫೋನ್ ಬಂತು. ಡಬ್ಬಕ್ಕೆ ಸ್ವಲ್ಪ ಏರಿಸಿದ್ದಾರೆ. ಶಾಲೆ ಮಕ್ಕಳು ಬಣವೆಗೆ ಕೂರುವಂತಿಲ್ಲ ಎಂದು ಮಾತಾಗಿದೆ. ಬರದಲ್ಲಿ ಬೆಂಗಳೂರಿಗೆ ಹೋದವರು ಕೆಲವರು ತಿರುಗಿ ಬಂದಿರಲಿಲ್ಲ. ಆಳಿಗೆ ಬೇಡಿಕೆ ಇತ್ತು. ಹೆಂಗಸರ ಮಾತು ನಡೆದದ್ದಕ್ಕೆ ಅದೂ ಕಾರಣ.

ತೊಟ್ಟಿಲು

ಕೂಸುಗಳ ವಿಷಯ ಮಾತ್ರ ಶಾಲೆಯ ಒಳಗೇ ಜಗಳ ತಂದಿತು. ಮೂರು ವರ್ಷ ದಾಟಿದವರನ್ನು ಸುಗ್ಗಿಯಲ್ಲಿ ಸ್ವಲ್ಪ ಬೇಗ ಕರೆದುಕೊಳ್ಳಲು ಅಂಗನವಾಡಿ ಕಾರ್ಯಕರ್ತೆ ಒಪ್ಪಿದರು. ಅದಕ್ಕಿಂತ ಚಿಕ್ಕವರನ್ನು ಅಕ್ಕಂದಿರು ಶಾಲೆಗೇ ಎತ್ತಿಕೊಂಡು ಬರಲಿ ಎಂದರು ಮೇಡಂ. ಇದು ಶಾಲೆನಾ, ಅಂಗನವಾಡಿನಾ ಎಂದು ಇಬ್ಬರು ಶಿಕ್ಷಕರು ನನ್ನ ಮುಂದೆಯೇ ಕೇಳಿದರು. ಪಾಠಕ್ಕೆ ತೊಂದರೆ ಆಗುತ್ತದೆ, ಮಗುವಿಗೆ ಏನಾದರೂ ಆದರೆ ಯಾರು ಹೊಣೆ ಎಂದರು. ಅವರ ಪ್ರಶ್ನೆ ತಪ್ಪಲ್ಲ. ಹಿಂದಿನ ವರ್ಷ ತಮ್ಮನನ್ನು ಎತ್ತಿಕೊಂಡು ಬಂದಿದ್ದ ಹುಡುಗಿಯನ್ನು ಅವರಲ್ಲೊಬ್ಬರು ಗೇಟಿನಿಂದಲೇ ವಾಪಸ್ ಕಳಿಸಿದ್ದರು. ಅವಳು ಮತ್ತೆ ಒಂದು ತಿಂಗಳು ಬರಲಿಲ್ಲ.

ಕೊನೆಗೆ ಬಿಸಿಯೂಟದ ಅಡುಗೆಯವರು ದಾರಿ ತೋರಿಸಿದರು. ಅವರೂ ಹಟ್ಟಿಯ ಕಡೆಯವರೇ. ಬೆಂಕಿಯಿಂದ ದೂರ, ವರಾಂಡದ ಆ ತುದಿಯಲ್ಲಿ ಎರಡು ಸೀರೆ ತೊಟ್ಟಿಲು ಕಟ್ಟಿದರು. ಹಟ್ಟಿಯ ಇಬ್ಬರು ಅಜ್ಜಿಯರು ದಿನ ಬಿಟ್ಟು ದಿನ ಬಂದು ಕೂತರು. ನಾಲ್ಕು ವಾರದ ಮಟ್ಟಿಗೆ ಅಷ್ಟೇ. ವಿರೋಧಿಸಿದ್ದ ಶಿಕ್ಷಕರಲ್ಲಿ ಒಬ್ಬರು ಆಮೇಲೆ ಅಜ್ಜಿಯರಿಗೆ ಚಾಪೆ ತಂದುಕೊಟ್ಟರು. ಇನ್ನೊಬ್ಬರು ಕೊನೆವರೆಗೂ ಒಪ್ಪಲಿಲ್ಲ.

2024ರ ನವೆಂಬರ್

ದೀಪಾವಳಿ ಮುಗಿದ ಮೇಲಿನ ವಾರ ನಾನು ಹೋದೆ. ಹಟ್ಟಿಯ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೂತಿದ್ದರು. 2022ರ ಖಾಲಿ ಸಾಲುಗಳನ್ನು ನೋಡಿದ್ದ ನನಗೆ ಗಂಟಲು ಕಟ್ಟಿತು. ಆದರೆ ಎಲ್ಲರೂ ಬಂದಿರಲಿಲ್ಲ. ಒಬ್ಬ ರೈತ ಮಾತು ಮುರಿದಿದ್ದ. ಅವನ ಬಣವೆಯಲ್ಲಿ ಮಕ್ಕಳು ಕೂತಿದ್ದರು. ಅಧ್ಯಕ್ಷರು ಎರಡು ಸಲ ಹೋಗಿ ಹೇಳಿದರೂ ಕೇಳಲಿಲ್ಲ. ಎರಡು ಮನೆಯವರು ಮಕ್ಕಳ ಸಮೇತ ಬೆಂಗಳೂರಿನಲ್ಲೇ ಉಳಿದಿದ್ದರು. ಅಲ್ಲಿ ಆ ಮಕ್ಕಳು ಶಾಲೆಗೆ ಸೇರಿದರೋ ಇಲ್ಲವೋ ಎಂದು ಮೇಡಂ ಫೋನ್ ಮಾಡಿ ಕೇಳುತ್ತಲೇ ಇದ್ದರು. ಒಂದು ಮನೆಯ ಫೋನ್ ಸ್ವಿಚ್ ಆಫ್.

ಇನ್ನೊಂದು ವಿಷಯ ಮುಚ್ಚಿಡಬಾರದು. ನಾಲ್ಕೂವರೆಗೆ ಶಾಲೆ ಬಿಟ್ಟ ಮೇಲೆ, ಭಾನುವಾರ, ಹಲವು ಮಕ್ಕಳು ಬಣವೆಯ ಹತ್ತಿರ ಹೋಗುತ್ತಿದ್ದರು. ಬೇರೆಯವರ ಹೊಲದಲ್ಲಿ ಅದೂ ಕಾನೂನಿಗೆ ವಿರುದ್ಧವೇ. ಕಟ್ಟೆಯ ಮಾತು ಅಲ್ಲಿಯವರೆಗೆ ತಲುಪಲಿಲ್ಲ. ಮೇಡಂಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಸಿಕ್ಕಿದ್ದನ್ನು ಕಳೆದುಕೊಳ್ಳುವ ಭಯದಿಂದ ಆ ವರ್ಷ ನಾವು ಅದನ್ನು ಎತ್ತಲಿಲ್ಲ. ಅದು ಸರಿಯಾಗಿತ್ತಾ ಎಂದು ನನಗೆ ಇವತ್ತಿಗೂ ಕಸಿವಿಸಿ ಇದೆ.

ನೋಟೀಸಿನ ಬಗ್ಗೆ ಕೇಳಿದ್ದ ತಾಯಿಯ ಮಗಳು ಆ ವರ್ಷ ಏಳನೇ ತರಗತಿ ಮುಗಿಸಿದಳು. ಎಂಟಕ್ಕೆ ಹೈಸ್ಕೂಲು ಆರು ಕಿಲೋಮೀಟರ್ ದೂರ. ಸೇರಿದ್ದಾಳೆ.

ಕಳೆದ ಸುಗ್ಗಿಯ ಹೊತ್ತಿಗೆ ಬೇರೊಂದು ಶಾಲೆಯ ಹೆಡ್‌ಮಾಸ್ತರು ನನಗೆ ಫೋನ್ ಮಾಡಿದರು. ಈರುಳ್ಳಿ ಕಟಾವಿಗೆ ಮಕ್ಕಳು ಹೋಗಿಬಿಟ್ಟಿದ್ದಾರೆ, ನಿಮ್ಮ ಹತ್ತಿರ ನೋಟೀಸಿನ ನಮೂನೆ ಇದೆಯಂತಲ್ಲ, ವಾಟ್ಸಾಪ್ ಮಾಡಿ ಎಂದರು. ಫೈಲು ನನ್ನ ಹತ್ತಿರ ಇನ್ನೂ ಇತ್ತು. ಕಳಿಸಲಿಲ್ಲ. ಆ ಹೊಲಗಳು ಯಾರವು, ಕೂಲಿ ಹೇಗೆ ಕೊಡ್ತಾರೆ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇಬ್ಬರೂ ಆ ಕಡೆ ಹೋಗಿ ಬರೋಣ ಎಂದು ಮಾತಾಯಿತು.